ಹಿಂದಿನ ಟೈರ್ ಮೊದಲು

(ಹುಬ್ಬಳ್ಳಿ ಗೋಕುಲ ರೋಡಿನ ಒಂದು ಮನೆಯಂಗಳ, ಜೂನ್ ತಿಂಗಳು. ಮಾತಾಡುವವರು ಇಬ್ಬರು: ಸಾರಿಗೆ ಸಂಸ್ಥೆಯಲ್ಲಿ ಟೈರ್ ವಿಭಾಗ ನೋಡಿಕೊಂಡು ನಿವೃತ್ತರಾದ ಹಿರಿಯರು, ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝಡ್4 ತಂದಿರುವ ಅವರ ಅಣ್ಣನ ಮಗ.)

— ಕಾಕಾ, ಹಿಂದಿನ ಎರಡೂ ಟೈರ್ ಮುಗದಾವ್ರಿ. ಮುಂದಿನವು ಇನ್ನೂ ಛಲೋ ಅದಾವ. ಅಂಗಡ್ಯಾಂವ ಹಿಂದ ಬ್ಯಾರೆ ಕಂಪನೀದು ಹಾಕ್ತೀನಿ ಅಂತಾನ. ಮುಂದ ಒಂದು ಕಂಪನಿ, ಹಿಂದ ಒಂದು ಕಂಪನಿ, ನಡೀತೈತೇನ್ರಿ?

— ಎಂಥಾ ಟೈರ್ ಹಾಕ್ತಾನ ಅದನ್ನ ಹೇಳು. ಕಂಪನಿ ಹೆಸರು ಆಮ್ಯಾಲ ಕೇಳೂಣು.

— ಟೂರಿಂಗ್ ಟೈರ್ ಅಂತ್ರಿ. ಭಾಳ ದಿನ ಬಾಳಿಕಿ ಬರ್ತೈತಿ, ಸದ್ದಿಲ್ಲ, ರೇಟೂ ಕಮ್ಮಿ ಅಂದ. ಮುಂದ ಈಗ ಇರೂದು ಕಂಪನಿಯಿಂದ ಬಂದ ನಮೂನಿದು, ರನ್‌ಫ್ಲ್ಯಾಟ್. ಅದರ ಜೋಡಿ ಹಿಂದಿನದು, 255/35 ಆರ್18, ಹುಬ್ಬಳ್ಳ್ಯಾಗ ಸಿಗವಲ್ದು, ಬೆಳಗಾವ್ಯಾಗೂ ಇಲ್ಲ.

— ಸಿಗೂದು ಕಷ್ಟ ಐತಿ, ಅದರಾಗ ಅಂಗಡ್ಯಾವನ ತಪ್ಪೇನಿಲ್ಲ. 2020ರ ಜೂನಿನ್ಯಾಗ ಕೇಂದ್ರ ಸರ್ಕಾರ ಹೊಸ ಟೈರಿನ ಆಮದನ್ನ ನಿರ್ಬಂಧಿತ ಪಟ್ಟಿಗೆ ಹಾಕ್ತು. ಹೊರಗಿಂದ ತರಸಬೇಕಾದ್ರ ಪರವಾನಗಿ ಬೇಕು. ಅದಕ್ಕೂ ಮೊದಲಿಂದ ಐಎಸ್‌ಐ ಗುರ್ತು ಇರಬೇಕು ಅನ್ನೂ ಕಾಯ್ದೆ ಬ್ಯಾರೆ. ಸ್ವಿಫ್ಟ್, ವ್ಯಾಗನಾರ್ ಸೈಜ್ ನಮ್ಮ ದೇಶದಾಗ ರಾಶಿಗಟ್ಟಲೆ ತಯಾರಾಗ್ತಾವು. ನಿನ್ನ ಗಾಡಿಯ ಹಿಂದಿನ ಸೈಜ್ ಊರಾಗ ಎಷ್ಟ ಮಂದಿ ಕೇಳ್ತಾರ? ಇಂಥಾ ಗಾಡಿ ಇಟ್ಟವರು ಟೈರ್ ಬೆರಕಿ ಮಾಡೂದು ಬಹುತೇಕ ಸಿಗಲಾರದ್ದಕ್ಕ.

— ಹಂಗಾರ ಬೆರಕಿ ಮಾಡಬಹುದು ಅಂದಂಗಾತು.

— ಮಾಡಬಹುದು ಅಂತ ಎಲ್ಲಿ ಹೇಳ್ದೆ? ಮೊದಲು ಒಂದು ಮಾತು ಖಚಿತ ಮಾಡ್ಕೊ. ಒಂದು ಆಕ್ಸೆಲ್ ಮ್ಯಾಲ ಎಡಕ್ಕೊಂದು ಬಲಕ್ಕೊಂದು ನಮೂನಿ ಯಾವತ್ತೂ ಬ್ಯಾಡ. ಒಂದ ನೊಗಕ್ಕ ಕಿಲಾರಿ ಎತ್ತು ಒಂದು, ಎಮ್ಮಿ ಕೋಣ ಒಂದು ಹೂಡಿದಂಗ ಆಗ್ತೈತಿ. ಬ್ರೇಕ್ ಒತ್ತಿದಾಗ ಗಾಡಿ ಒಂದು ಮಗ್ಗಲಿಗೆ ಎಳೀತೈತಿ. ಇದರಾಗ ಎರಡು ಮಾತಿಲ್ಲ. ಮುಂದ ಒಂದು, ಹಿಂದ ಒಂದು ಅನ್ನೂದು ಬ್ಯಾರೆ ಪ್ರಶ್ನೆ. ಅಲ್ಲಿ ವಿಚಾರ ಮಾಡಬೇಕು.

— ವಿಚಾರ ಏನ್ರಿ? ಎರಡೂ ದೊಡ್ಡ ಕಂಪನಿನ ಅದಾವಲ್ಲ.

— ಮಿಷೆಲಿನ್ ಒಂದ ಕಂಪನಿ. ಅದರಾಗ ಪೈಲಟ್ ಸ್ಪೋರ್ಟ್ ಅಂತ ಐತಿ, ಪ್ರೈಮಸಿ ಅಂತ ಐತಿ. ಬ್ರಿಜ್‌ಸ್ಟೋನಿನ್ಯಾಗ ಪೊಟೆಂಝಾ ಐತಿ, ಟುರಾಂಝಾ ಐತಿ. ಪೈಲಟ್ ಸ್ಪೋರ್ಟಿಗೂ ಪೊಟೆಂಝಾಕ್ಕೂ ಇರೂ ಅಂತರಕ್ಕಿಂತ ಪೈಲಟ್ ಸ್ಪೋರ್ಟಿಗೂ ಪ್ರೈಮಸಿಗೂ ಇರೂ ಅಂತರ ದೊಡ್ಡದು. ಒಂದು ಗಟ್ಟಿಯಾಗಿ ರಸ್ತೆ ಹಿಡೀಲಿಕ್ಕೆ ಮಾಡಿದ್ದು, ಇನ್ನೊಂದು ಮೆತ್ತಗ ಹೋಗಾಕ, ಭಾಳ ದಿನ ಬಾಳಾಕ ಮಾಡಿದ್ದು. ನಾಕೂ ಗಾಲಿಗೆ ಒಂದ ಹೆಸರು ಇದ್ದೂ ಟೈರ್ ಬೆರಕಿ ಆಗಿರಬಹುದು. ಮಂದಿ ಹೆಸರು ನೋಡ್ತಾರ. ಗಾಡಿಗೆ ಹೆಸರು ತಿಳಿಯೂದಿಲ್ಲ, ಮುಂದಿನ ಗಾಲಿ ಎಷ್ಟು ಹಿಡಿತೈತಿ, ಹಿಂದಿನದು ಎಷ್ಟು ಹಿಡಿತೈತಿ, ಅಷ್ಟ ತಿಳೀತೈತಿ. ನಿನ್ನ ಅಂಗಡ್ಯಾಂವ ಹೇಳೂದು ಏನು? ಮುಂದ ಸ್ಪೋರ್ಟ್ಸ್ ಟೈರ್ ಇರಲಿ, ಹಿಂದ ಬಿರುಸು ರಬ್ಬರಿಂದು ಹಾಕೂಣು ಅಂತ. ಅದು ಎಲ್ಲಾಕ್ಕಿಂತ ಕೆಟ್ಟ ಬೆರಕಿ.

— ಹಿಂದ ತುಸು ಕಮ್ಮಿ ಇದ್ರ ಏನಾಗ್ತೈತ್ರಿ? ಸ್ಟೇರಿಂಗ್ ಮುಂದ ಐತಿ, ಬ್ರೇಕಿನ ಭಾರ ಮುಂದ ಬರ್ತೈತಿ. ಅಪ್ಪ ಲಾರಿ ನಡಸೂ ಕಾಲಕ್ಕ ಹೊಸ ಟೈರ್ ಯಾವಾಗಲೂ ಮುಂದ, ಸವದದ್ದಕ್ಕ ಹೊಸ ರಬ್ಬರ್ ಅಂಟಿಸಿ ರಿಸೋಲ್ ಮಾಡಿದ್ದು ಹಿಂದ ಅಂತಿದ್ರು. ನಿಮ್ಮ ಬಸ್ಸಿನ್ಯಾಗೂ ಹಂಗ ಅಲ್ಲೇನ್ರಿ?

— ಹೌದು, ಹಂಗ. ಅಣ್ಣ ಹೇಳಿದ್ದು ಲಾರಿಗೆ ಖರೇನ. ನಾವೂ ಹೊಸಾ ಟೈರ್ ಬಸ್ಸಿನ ಮುಂದ ಏರಸ್ತಿದ್ವಿ, ಸವದ ಮ್ಯಾಲ ರಿಸೋಲ್ ಮಾಡಿ ಹಿಂದಕ್ಕ ಹಾಕ್ತಿದ್ವಿ. ರಿಸೋಲ್ ಆದದ್ದು ಮುಂದಕ್ಕ ಹೋಗಬಾರದು, ಆ ಮಾತಿನ್ಯಾಗ ನಾ ಯಾರ ಜೋಡೀನೂ ರಾಜಿ ಆಗಿಲ್ಲ. ಆದ್ರ ಯಾಕಂತ ತಿಳ್ಕೊ. ಬಸ್ಸಿಗೆ ಮುಂದ ಎಡಕ್ಕೊಂದು, ಬಲಕ್ಕೊಂದು, ಎರಡ ಟೈರ್. ಹಿಂದ ಜೋಡಿ ಜೋಡಿ, ಒಟ್ಟು ನಾಕು. ಹಿಂದ ಒಂದು ಸಿಡಿದ್ರ ಪಕ್ಕದ್ದು ಭಾರ ಹೊರ್ತೈತಿ. ಮುಂದಿಂದು ಸಿಡಿದ್ರ ಸ್ಟೇರಿಂಗ್ ಕೈಯಾಗ ನಿಲ್ಲೂದಿಲ್ಲ. ಅಲ್ಲಿ ಅಂಜಿಕಿ ಟೈರ್ ಸಿಡಿಯೂದರದ್ದು. ನಿನ್ನ ಕಾರಿಗೆ ಹಿಂದ ಜೋಡಿ ಟೈರ್ ಇಲ್ಲ, ಉದ್ದ ಚಾಸಿ ಇಲ್ಲ, ಮ್ಯಾಲ ಹತ್ತು ಟನ್ ಭಾರಿಲ್ಲ. ಇಲ್ಲಿ ಅಂಜಿಕಿ ಜಾರೂದರದ್ದು. ಲಾರಿ ನಿಯಮ ತಂದು ಎರಡು ಸೀಟಿನ ಕಾರಿಗೆ ಹಚ್ಚಿದ್ರ ಉಲ್ಟಾ ಆಗ್ತೈತಿ.

— ಉಲ್ಟಾ ಹ್ಯಾಂಗ?

— ಒಂದು ತಿರುವಿನ್ಯಾಗ ಜೋರು ಹೋಗಿ ಅಂತ ತಿಳ್ಕೊ. ಮುಂದಿನ ಗಾಲಿ ಮೊದಲು ಜಾರಿದ್ರ ಏನಾಗ್ತೈತಿ? ನೀ ಸ್ಟೇರಿಂಗ್ ತಿರುವಿದ್ರೂ ಗಾಡಿ ನೆಟ್ಟಗ ಹೋಗಾಕ ನೋಡ್ತೈತಿ. ಯಾರಾದ್ರೂ ಏನು ಮಾಡ್ತಾರ? ಅಂಜಿ ಎಕ್ಸಿಲರೇಟರಿನಿಂದ ಕಾಲು ತಗೀತಾರ. ಕಾಲು ತಗದ ಕೂಡ್ಲೇ ಗಾಡಿ ಭಾರ ಮುಂದಕ್ಕ ಬಾಗ್ತೈತಿ, ಮುಂದಿನ ಟೈರ್ ರಸ್ತೆಗೆ ಒತ್ತಿ ಮತ್ತ ಹಿಡಿತೈತಿ. ಅಂಜಿದವನ ಕಾಲ ಅವನ್ನ ಉಳಸ್ತೈತಿ. ಈಗ ಹಿಂದಿನದು ಮೊದಲು ಜಾರಿತು ಅನ್ನು. ಆವಾಗೂ ಅಂಜಿ ಕಾಲು ತಗೀತಿ. ಭಾರ ಮುಂದಕ್ಕ ಹೋತು, ಹಿಂದ ಹಗರ ಆತು, ಇದ್ದ ಹಿಡಿತಾನೂ ಹೋತು. ಹಿಂಭಾಗ ಬೀಸಿ ಗಾಡಿ ಗಿರ್ರ್ ಅಂತ ತಿರಗ್ತೈತಿ. ಅಂಜಿದವ ಮಾಡೂದ ಅವನ್ನ ಕೆಡಸ್ತೈತಿ. ರೇಸ್ ಕಲ್ತವ ಸ್ಟೇರಿಂಗ್ ಉಲ್ಟಾ ಕೊಟ್ಟು ಸಂಭಾಳಸ್ತಾನ. ರಾತ್ರಿ, ಮಳಿ, ಪಕ್ಕದ ಸೀಟಿನ್ಯಾಗ ಕುಂತವರು ಚೀರಾಕತ್ತಿದ್ರ ನಿನಗ ಆಗ್ತೈತೇನು?

— ಇಲ್ರಿ.

— ನನಗೂ ಆಗೂದಿಲ್ಲ. ಅದಕ್ಕ ಟೈರ್ ಕಂಪನಿಯವರೂ ಹೇಳೂದು ಇದನ್ನ: ಎರಡ ಹೊಸ ಟೈರ್ ತಗೊಂಡ್ರ ಹಿಂದ ಹಾಕ್ರಿ ಅಂತ. ಗಾಡಿ ಮುಂದಿನ ಗಾಲಿಯಿಂದ ಎಳೀಲಿ, ಹಿಂದಿನ ಗಾಲಿಯಿಂದ ನೂಕಲಿ, ಎರಡಕ್ಕೂ ಇದ ಮಾತು. ಸ್ವಿಫ್ಟ್ ಇಟ್ಟವರೂ ಇದನ್ನ ತಿಳ್ಕೊಬೇಕು. ನಮ್ಮ ಊರಾಗ ಯಾವ ಅಂಗಡಿಗೆ ಹೋದ್ರೂ ಹೊಸ ಎರಡನ್ನ ಮುಂದ ಏರಸ್ತಾರ, ಅದನ್ನ ನೋಡಿದಾಗೆಲ್ಲ ನನಗ ಹೊಟ್ಯಾಗ ಸಂಕಟ ಆಗ್ತೈತಿ.

— ಇದು ಹೊಸಾ ಕಾಲದ ಶೋಧ ಏನ್ರಿ?

— ಅಲ್ಲ. ನಾ ಕೆಲಸಕ್ಕ ಸೇರಿದಾಗ ಎಲ್ಲಾ ನೈಲಾನ್ ಟೈರ್. ಫ್ರಾನ್ಸಿನ್ಯಾಗ ಮಿಷೆಲಿನ್‌ದವರು 1946ರಾಗ ರೇಡಿಯಲ್ಲಿಗೆ ಪೇಟೆಂಟ್ ತಗೊಂಡಿದ್ರು. ನಮ್ಮಲ್ಲಿ ಜೆಕೆ ಟೈರ್ 1977ರಾಗ ಕಾರಿಗೆ ರೇಡಿಯಲ್ ತಂತು. ನೈಲಾನಿನ ಒಳಗ ದಾರದ ಪದರು ಅಡ್ಡಾದಿಡ್ಡಿ ಒಂದರ ಮ್ಯಾಲೊಂದು ಇರ್ತಾವು. ರೇಡಿಯಲ್ಲಿನ್ಯಾಗ ದಾರ ಈ ಅಂಚಿನಿಂದ ಆ ಅಂಚಿಗೆ ನೆಟ್ಟಗ, ಮ್ಯಾಲ ಉಕ್ಕಿನ ಬೆಲ್ಟ್. ತಿರುವಿನ್ಯಾಗ ರೇಡಿಯಲ್ ರಸ್ತೆಗೆ ಮಟ್ಟಸ ಕುಂತು ಹಿಡಿತೈತಿ. ಅಂಬಾಸಿಡರ್ ಇಟ್ಟವರು ನಾಕೂ ಒಮ್ಮೆ ಬದಲಸಾಕ ರೊಕ್ಕ ಇರಲಾರದ ಎರಡು ರೇಡಿಯಲ್ ತಗೊಂಡು ಮುಂದ ಹಾಕಸ್ತಿದ್ರು. ಸ್ಟೇರಿಂಗ್ ಚುರುಕು ಆತು ಅಂತ ಖುಷಿ ಪಡ್ತಿದ್ರು, ಮಳಿ ಬಂದ ದಿನ ಹಿಂಭಾಗ ಬೀಸ್ತಿತ್ತು. ಇಂಗ್ಲೆಂಡಿನ್ಯಾಗ ಇದಕ್ಕ ಕಾಯ್ದೇನ ಮಾಡ್ಯಾರ: ರೇಡಿಯಲ್ ಹಿಂದ, ನೈಲಾನ್ ಮುಂದ ಇದ್ರ ನಡೀತೈತಿ, ರೇಡಿಯಲ್ ಮುಂದ, ನೈಲಾನ್ ಹಿಂದ ಇದ್ರ ಅಪರಾಧ. ಅಲ್ಲಿ ಯಾರೂ ಕಂಪನಿ ಹೆಸರು ಕೇಳೂದಿಲ್ಲ ನೋಡು.

— ಆದ್ರ ಕಾಕಾ, ಈಗಿನ ಗಾಡಿಯಾಗ ಕಂಪ್ಯೂಟರ್ ಐತಿ. ಡಿಎಸ್‌ಸಿ ಅಂತ. ಹಿಂದ ಜಾರಿದ್ರ ಅದ ಹಿಡದ ನಿಲ್ಲಸ್ತೈತಿ.

— ಅದು ಹಿಡಿಯೂದು ಏನನ್ನ? ಒಂದು ಗಾಲಿಗೆ ಬ್ರೇಕ್ ಹಾಕಿ ಗಾಡಿಯನ್ನ ನೆಟ್ಟಗ ಮಾಡ್ತೈತಿ. ಆ ಬ್ರೇಕ್ ಕೆಲಸ ಮಾಡಬೇಕಂದ್ರ ಆ ಗಾಲಿ ಕೆಳಗ ಟೈರ್ ರಸ್ತೆ ಹಿಡದಿರಬೇಕು. ಇದ್ದ ಹಿಡಿತ ಯಾವ ಗಾಲಿಗೆ ಎಷ್ಟು ಅಂತ ಅದು ಹಂಚ್ತೈತಿ, ಇಲ್ಲದ್ದನ್ನ ಹುಟ್ಟಸೂದಿಲ್ಲ. ಕಂಪನಿಯವರು ಅದನ್ನ ಹೊಂದಿಸಿದ್ದೂ ಅವರು ಆರಿಸಿದ ಟೈರ್ ಮ್ಯಾಲ. ನಿನ್ನ ಮುಂದಿನ ಟೈರಿನ ಮಗ್ಗಲಾಗ ಸಣ್ಣದೊಂದು ನಕ್ಷತ್ರ ಐತಿ, ಬಾ ಇಲ್ಲಿ, ಕೂಡು. ಕಾಣಸ್ತೇನು?

— ಹೌದ್ರಿ, ನಾ ಡಿಸೈನ್ ಅನ್ಕೊಂಡಿದ್ದೆ.

— ಬಿಎಂಡಬ್ಲ್ಯುದವರು ತಾವ ಪರೀಕ್ಷಾ ಮಾಡಿ ಒಪ್ಪಿದ್ದು ಅನ್ನೂ ಗುರ್ತು. ಪೋರ್ಷೆಗೆ ಎನ್, ಮರ್ಸಿಡಿಸ್‌ಗೆ ಎಂಓ, ಆಡಿಗೆ ಎಓ. ಪೋರ್ಷೆದವರಂತೂ ನಾಕೂ ಒಂದ ಕಂಪನೀದು, ಒಂದ ಎನ್ ನಂಬರಿಂದು ಇರಲಿ ಅಂತ ಹೇಳ್ತಾರ. ಅವರ 911ಕ್ಕ ಎಂಜಿನ್ ಹಿಂದಿನ ಆಕ್ಸೆಲ್ಲಿನ ಆಚೆ ಜೋತು ಬಿದ್ದಿರ್ತೈತಿ, ಹಿಂದ ಜಾರಿದ್ರ ಆ ಭಾರ ತಡಿಯೂದು ಕಷ್ಟ. ನಿನ್ನ ಗಾಡಿಗೆ ಎಂಜಿನ್ ಮುಂದ, ನೂಕೂದು ಹಿಂದ. ನೂಕೂ ಗಾಲಿ ಆದದ್ದಕ್ಕ ಹಿಂದಿನವು ಮೊದಲು ಸವದಾವ. ಮುಂದ 225, ಹಿಂದ 255 ಅಗಲ ಇದ್ದದ್ದಕ್ಕ ಹಿಂದ ಮುಂದ ಅದಲು ಬದಲು ಮಾಡಾಕ ಬರೂದಿಲ್ಲ. ಇಂಥಾ ಗಾಡಿಗೆ ಎರಡೆರಡ ಟೈರ್ ಕೊಳ್ಳೂ ಪ್ರಸಂಗ ಬಂದ ಬರ್ತೈತಿ. ಈಗ ಆ ನಕ್ಷತ್ರದ ಪಕ್ಕ ಕೈ ಸರಿಸು. ಡಿಓಟಿ ಅಂತ ಸುರು ಆಗಿ ಕಡೀಕ ನಾಕು ಅಂಕಿ ಇರ್ತಾವು.

— ಈ ಮಗ್ಗಲಾಗ ಇಲ್ರಿ... ತಡೀರಿ, ಒಳಮಗ್ಗಲಾಗ ಐತಿ. 2319.

— 2019ರ 23ನೇ ವಾರದಾಗ ತಯಾರಾದದ್ದು. ಈಗ ಗೆರಿಯಾಗ ಉಗುರು ಇಡು. ಗೆರಿ ಆಳ ಐತಿ, ಅದಕ್ಕ ನೀ ಛಲೋ ಐತಿ ಅಂದಿ. ರಬ್ಬರ್ ಒತ್ತಿ ನೋಡು, ಹಿಂದಿನ ಟೈರಿನಷ್ಟು ಮೆತ್ತಗ ಇಲ್ಲ. ಗೆರಿ ಬುಡದಾಗ ಕೂದಲೆಳಿಯಷ್ಟು ಬಿರಕ ಕಾಣಾಕತ್ತಾವ. ಗಾಡಿ ಎಲ್ಲಿ ನಿಂದರಸ್ತಿದ್ರು?

— ಹಳೇ ಮಾಲಕ ಬಯಲಾಗ ನಿಂದರಸ್ತಿದ್ದನಂತ.

— ಹೌದಲ್ಲ, ನಮ್ಮ ಬ್ಯಾಸಗಿ ಬಿಸಲಾಗ ರಬ್ಬರ್ ಒಣಗ್ತೈತಿ. ಗೆರಿ ಬುಡದಾಗಿನ ಸಣ್ಣ ದಿಬ್ಬ ಮಟ ಸವದ್ರ 1.6 ಮಿಲಿಮೀಟರ್, ಕಾಯ್ದೆ ಪ್ರಕಾರ ಅಲ್ಲಿಗೆ ಮುಗೀತು. ಆದ್ರ ಮಳಿಗೆ ಅದಕ್ಕಿಂತ ಮೊದಲ ಮುಗೀತೈತಿ. ನಾ 3 ಮಿಲಿಮೀಟರಿಗೆ ಕೈ ಬಿಡು ಅಂತೀನಿ. ನೀರು ಆಚೆ ಹೋಗಾಕ ಗೆರಿಯಾಗ ಜಾಗಾ ಬೇಕು, ಇಲ್ಲಾಂದ್ರ ಟೈರ್ ನೀರಿನ ಮ್ಯಾಲ ಏರ್ತೈತಿ. ಅಮೆರಿಕದ ನಾಸಾದವರು 1963ರಾಗ ವಿಮಾನದ ಗಾಲಿ ಮ್ಯಾಲ ಪರೀಕ್ಷಾ ಮಾಡಿ ಒಂದು ಲೆಕ್ಕ ಕೊಟ್ಟಾರ: ಟೈರ್ ನೀರ ಮ್ಯಾಲ ಏರೂ ವೇಗ ಒಳಗಿನ ಗಾಳಿ ಒತ್ತಡದ ವರ್ಗಮೂಲಕ್ಕ ತಕ್ಕಂಗ ಇರ್ತೈತಿ ಅಂತ. ಆ ಲೆಕ್ಕದಾಗ 32 ಪಿಎಸ್‌ಐ ಗಾಳಿ ಇದ್ರ ಗಂಟೆಗೆ ಸುಮಾರು 94 ಕಿಲೋಮೀಟರ್. ಗಾಳಿ 24ಕ್ಕ ಇಳಿದ್ರ 82. ಬೋಳು ಟೈರಿಗೆ, ನಿಂತ ನೀರಿಗೆ ಆ ಲೆಕ್ಕ; ಕಾರಿಗೆ ತಂದ್ರ ಅಂದಾಜು ಅಷ್ಟ. ಆದ್ರ ಬೈಪಾಸಿನ ಮ್ಯಾಲ ಮಳಿಯಾಗ ಮಂದಿ ಎಷ್ಟು ವೇಗದಾಗ ಹೊಂಟಿರ್ತಾರ ಅಂತ ನಿನಗ ಗೊತ್ತೈತಿ. ಅಗಲ ಟೈರ್ ಇನ್ನೂ ಲಗು ಏರ್ತೈತಿ. ನಿನ್ನ ಹಿಂದಿನವು 255.

— ಅಂದ್ರ ಅಗಲ ಇದ್ದಷ್ಟು ಹಿಡಿತ ಹೆಚ್ಚು ಅನ್ನೂದು ಸುಳ್ಳೇನ್ರಿ?

— ಒಣ ರಸ್ತೆಗೆ ಖರೆ. ಹೊಳ್ಳಿ ನಮ್ಮ ರಸ್ತೆ ನೋಡು. ಮೊದಲ ಮಳಿ ಬಿದ್ದಾಗ ನವಲಗುಂದ ಕಡೆ ಹೋಗಿಯೇನು? ಹೊಲದಾಗಿಂದ ಟ್ರ್ಯಾಕ್ಟರ್ ಮ್ಯಾಲ ಬರ್ತಾವು, ಗಾಲಿಗೆ ಅಂಟಿದ ಎರಿ ಮಣ್ಣು ಡಾಂಬರಿಗೆ ಬೀಳ್ತೈತಿ. ಅದರ ಮ್ಯಾಲ ನಾಕು ಹನಿ ಬಿದ್ರ ಬೆಣ್ಣಿ ಸವರಿದಂಗ. ಎರಡು ತಾಸು ಜೋರ ಮಳಿ ಹೊಡದ್ರ ತೊಳದ ಹೋಗ್ತೈತಿ, ತುಂತುರು ಇದ್ದಾಗನ ಅಪಾಯ. ಧಾರವಾಡದಿಂದ ಪಶ್ಚಿಮಕ್ಕ ಹೋದ್ರ ಬ್ಯಾರೇನ ಲೋಕ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳೀಬೇಕಾದ್ರ ತಿರುವಿನ್ಯಾಗ ಲಾರಿ ಟ್ಯಾಂಕಿನಿಂದ ಚೆಲ್ಲಿದ ಡೀಸೆಲ್, ಗುಡ್ಡದಿಂದ ಹರದ ನೀರು. ಇಳಿಜಾರಿನ್ಯಾಗ ಗಾಡಿ ಭಾರ ತಾನ ಮುಂದಕ್ಕ ಬಂದಿರ್ತೈತಿ, ಹಿಂದ ಮೊದಲ ಹಗರ. ಅಲ್ಲಿ ಹಿಂದ ಬಿರುಸು ರಬ್ಬರ್, ಮುಂದ ಸ್ಪೋರ್ಟ್ಸ್ ರಬ್ಬರ್ ಇಟ್ಕೊಂಡು ಬ್ರೇಕ್ ಒತ್ತಿದ್ರ ಏನಾಗ್ತೈತಿ ಅಂತ ಈಗ ನೀನ ಹೇಳು.

— ಹಿಂಭಾಗ ಮುಂದ ಬರ್ತೈತಿ.

— ನಾ ಅಂಜೂದು ಘಟ್ಟಕ್ಕಷ್ಟ ಅಲ್ಲ. ಗಬ್ಬೂರಿನಿಂದ ನರೇಂದ್ರ ಮಟ ನಮ್ಮ ಬೈಪಾಸ್, ಸುಮಾರು 30 ಕಿಲೋಮೀಟರ್, ಎಷ್ಟು ವರ್ಷ ಎರಡ ಸಾಲಿಂದ ಇತ್ತು. ಹಿಂದ ಮುಂದ ಎರಡೂ ಕಡೆ ಹೆದ್ದಾರಿ ಅಗಲ ಇದ್ದು ಇದೊಂದು ತುಂಡು ಸಣ್ಣದಿತ್ತು, ನಡುವ ಡಿವೈಡರ್ ಇರಲಿಲ್ಲ. 2021ರ ಜನವರಿಯಾಗ ಇಟ್ಟಿಗಟ್ಟಿ ಹತ್ರ ದಾವಣಗೆರಿಯ ಹೆಣ್ಣುಮಕ್ಕಳ ಟೆಂಪೊಕ್ಕೂ ಟಿಪ್ಪರಿಗೂ ಮುಖಾಮುಖಿ ಆತು. ಗೋವಾಕ್ಕ ಹೊಂಟಿದ್ರು, ಸಾಲಿಯಾಗ ಕೂಡಿ ಕಲ್ತ ಗೆಳತಿಯರು. ಇವತ್ತಿಗೂ ಅಲ್ಲಿ ಹಾಯ್ದು ಹೋಗಾಕ ನನಗ ಆಗೂದಿಲ್ಲ. ಆಮ್ಯಾಲ ಜನ ಬೀದಿಗಿಳದ್ರು, ಆರು ಸಾಲಿನ ಕೆಲಸ ಹಿಡದ್ರು. ಅಂಥಾ ರಸ್ತ್ಯಾಗ ಮುಂದಿನ ಗಾಲಿ ಜಾರಿದ್ರ ಗಾಡಿ ತನ್ನ ಸಾಲಿನ ಅಂಚಿಗೆ ಹೋದೀತು. ಹಿಂದಿನದು ಜಾರಿದ್ರ ಗಾಡಿ ಅಡ್ಡ ಆಗಿ ಎದುರಿನ ಸಾಲಿಗೆ ಹೋಗ್ತೈತಿ. ಎದುರಿಂದ ಬರೋವ್ರು ಯಾರೋ, ನಿನ್ನ ಟೈರಿನ ಉಳಿತಾಯಕ್ಕೂ ಅವರಿಗೂ ಏನು ಸಂಬಂಧ?

— ತಿಳೀತ್ರಿ. ಟೂರಿಂಗ್ ಟೈರ್ ಬ್ಯಾಡ. ಇನ್ನೊಂದು ಹೇಳಿದ್ರು: ಹಿಂದ 255/40 ಹಾಕ್ರಿ, ಸ್ಪೋರ್ಟ್ಸ್ ಟೈರ್ ಅದರಾಗ ಸಿಗ್ತೈತಿ, ಗಾಡಿ ತುಸು ಎತ್ತರ ಆಗಿ ರೋಡ್ ಹಂಪಿಗೆ ತಳ ಬಡಿಯೂದಿಲ್ಲ ಅಂತ.

— ಲೆಕ್ಕ ಹಾಕು. 225ರ ನೂರಕ್ಕ 40 ಅಂದ್ರ 90 ಮಿಲಿಮೀಟರ್. ಎರಡೂ ಬದಿಗೆ 180. ರಿಮ್ 18 ಇಂಚು, 457. ಒಟ್ಟು 637. ಹಿಂದ 255ರ ನೂರಕ್ಕ 35 ಅಂದ್ರ 89 ಚಿಲ್ರೆ, ಒಟ್ಟು 636ಕ್ಕ ಒಂದಿಷ್ಟು ಕಮ್ಮಿ. ಹಿಂದ ಮುಂದ ಎತ್ತರ ಸುಮಾರು ಒಂದೂವರಿ ಮಿಲಿಮೀಟರಿನ್ಯಾಗ ಕೂಡಸ್ಯಾರ ನೋಡು. ನೀ 40 ಹಾಕಿದ್ರ 661 ಆಗ್ತೈತಿ. ಹಿಂದಿನ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗ್ತೈತಿ, ನೂರಕ್ಕ ನಾಕರಷ್ಟು. ಎಬಿಎಸ್, ಡಿಎಸ್‌ಸಿ ಎರಡೂ ನಾಕೂ ಗಾಲಿಯ ಸುತ್ತು ಹೋಲಿಸಿ ನೋಡ್ತಾವು, ಆ ಲೆಕ್ಕ ತಪ್ಪೀತು. ನಾಕೂ ಗಾಲಿ ಎಳಿಯೂ ಗಾಡಿಯಾಗಿದ್ರ ನಡುವಿನ ಕಪ್ಲಿಂಗ್ ಸುಟ್ಟ ಹೋದೀತು. ಕಂಪನಿ ಬದಲಾದ್ರೂ ಸಂಭಾಳಸಬಹುದು, ಸೈಜ್ ಬದಲ ಮಾಡಬ್ಯಾಡ.

— ಹಂಗಾರ ಬ್ಯಾರೆ ಕಂಪನೀದ ಸ್ಪೋರ್ಟ್ಸ್ ಟೈರ್, ಸೈಜ್ ಅದ, 255/35. ಬೆಂಗಳೂರಾಗ ಐತಂತ. ಆದ್ರ ರನ್‌ಫ್ಲ್ಯಾಟ್ ಅಲ್ಲ.

— ಇದು ವಿಚಾರ ಮಾಡೂ ಮಾತು. ರನ್‌ಫ್ಲ್ಯಾಟ್ ಅಂದ್ರ ಮಗ್ಗಲು ದಪ್ಪ, ಗಾಳಿ ಪೂರಾ ಹೋದ್ರೂ ಗಂಟೆಗೆ 80ರಂಗ 80 ಕಿಲೋಮೀಟರ್ ಹೋಗಬಹುದು. ಅದಕ್ಕ ನಿನ್ನ ಗಾಡಿಗೆ ಸ್ಟೆಪ್ನಿ ಕೊಟ್ಟಿಲ್ಲ. ಮುಂದ ಗಟ್ಟಿ ಮಗ್ಗಲು, ಹಿಂದ ಮೆತ್ತನ ಮಗ್ಗಲು ಇದ್ರ ಸ್ಟೇರಿಂಗ್ ತಿರುವಿದ ಕೂಡ್ಲೇ ಮುಂದ ಓಗೊಡ್ತೈತಿ, ಹಿಂದ ಒಂದು ಕ್ಷಣ ತಡಾ ಮಾಡಿ ಬರ್ತೈತಿ. ಲೇನ್ ಬದಲಸುವಾಗ ಹಿಂಭಾಗ ತೂಗಿದಂಗ ಅನಸ್ತೈತಿ. ಹಿಡಿತ ಹಿಂದ ಹೆಚ್ಚಿರ್ತೈತಿ, ಅದು ಸರಿಯಾದ ದಿಕ್ಕು. ಹೊಸ ರಬ್ಬರ್ ಹಿಂದ, ಹಳೇ ರಬ್ಬರ್ ಮುಂದ. ಮುಂದಿನ ರಬ್ಬರ್ ಬಿರುಸಾದದ್ದಕ್ಕ ಮಳಿಯಾಗ ಗಾಡಿ ನಿಲ್ಲಾಕ ಹೆಚ್ಚು ದೂರ ಬೇಕು, ಅದನ್ನ ನೆನಪಿಡು. ಇದನ್ನ ಒಂದು ಮಳಿಗಾಲ ಎಚ್ಚರದಿಂದ ನಡಸಬಹುದು, ಕಾಯಂ ಅಲ್ಲ.

— ಕಾಯಂ ಏನು ಮಾಡ್ಲಿ? ನಾಕೂ ಒಮ್ಮೆ ತಗೊಳ್ಳಾಕ ಈಗ ರೊಕ್ಕ ಇಲ್ರಿ.

— ಅದಕ್ಕ ಒಂದು ಹಾದಿ ಐತಿ. ನಿನ್ನ ಗಾಡಿಗೆ ಹಿಂದಿನ ಸೈಜ್ ಸಿಗೂದು ಅಪರೂಪ. ಮುಂದಿನ 225/40 ಆರ್18 ಬ್ಯಾರೆ ಬ್ಯಾರೆ ಕಾರಿಗೂ ಬರ್ತೈತಿ, ಸಿಗ್ತೈತಿ. ಮಂದಿ ಏನು ಮಾಡ್ತಾರ? ಮುಂದ ಇದ್ದದ್ದಕ್ಕ ಹಿಂದಿನದು ಹುಡುಕ್ತಾರ, ಸಿಗೂದಿಲ್ಲ, ಕೈಗೆ ಸಿಕ್ಕಿದ್ದು ಹಾಕ್ತಾರ. ನೀ ಉಲ್ಟಾ ಮಾಡು. ಹಿಂದಿನದು ಮೊದಲು ಆರಿಸು. ಆ ಮಾಡೆಲ್ಲಿನ್ಯಾಗ 225/40 ಆರ್18 ಐತೇನು ಅಂತ ಕೇಳು. ಇದ್ರ ಹಿಂದಿನ ಎರಡು ಈಗ ತಗೊ, ಮುಂದಿನ ಎರಡು ದೀಪಾವಳಿ ಒಳಗ. ಆವಾಗ ನಾಕೂ ಒಂದ ನಮೂನಿ ಆಗ್ತಾವು. ಸ್ಟೆಪ್ನಿ ಇಲ್ಲಲ್ಲ, ಪಂಕ್ಚರ್ ಕಿಟ್ಟು, ಗಾಳಿ ತುಂಬೂ ಸಣ್ಣ ಕಂಪ್ರೆಸರ್ ಡಿಕ್ಕಿಯಾಗ ಇಡು.

— ಟೈರ್ ಎಷ್ಟು ಬಾಳಿಕಿ ಬರ್ತೈತಿ ಅಂತ ತೋರಸೂ ಟ್ರೆಡ್‌ವೇರ್ ನಂಬರ್ ನೋಡಿ ಹೋಲಿಸಿದ್ರ ಆಗೂದಿಲ್ಲೇನ್ರಿ? ಮುಂದಿನದರ ಮ್ಯಾಲ ಬರದೈತಿ.

— ಆ ನಂಬರ್ ಕಂಪನಿ ತಾನ ಪರೀಕ್ಷಾ ಮಾಡಿ ಹಾಕ್ಕೊಳ್ಳೂದು. ಒಂದು ಕಂಪನಿಯ ಎರಡು ಟೈರ್ ಹೋಲಿಸಾಕ ಉಪಯೋಗ ಐತಿ, ಎರಡು ಕಂಪನಿ ನಡುವ ಪೂರ್ತಿ ನಂಬಬ್ಯಾಡ. ಪಕ್ಕದಾಗ ಟ್ರ್ಯಾಕ್ಷನ್ ಎಎ, ಎ ಅಂತ ಇರ್ತೈತಲ್ಲ, ಅದು ನೆಟ್ಟನ ಒದ್ದಿ ರಸ್ತ್ಯಾಗ ಬ್ರೇಕ್ ಒತ್ತಿ ನೋಡಿದ್ದು. ತಿರುವಿನ್ಯಾಗ ಹ್ಯಾಂಗ ಹಿಡಿತೈತಿ ಅಂತ ಅದು ಹೇಳೂದಿಲ್ಲ. ನೀ ನೋಡಬೇಕಾದ್ದು: ಸ್ಪೋರ್ಟ್ಸ್ ನಮೂನಿ ಹೌದೋ ಅಲ್ಲೋ, ಹಿಂದಿನದರ ಭಾರದ ಅಂಕಿ 90, ಅಂದ್ರ ಒಂದು ಟೈರಿಗೆ 600 ಕಿಲೋ, ಅದಕ್ಕಿಂತ ಕಮ್ಮಿ ಬ್ಯಾಡ, ವೇಗದ ಅಕ್ಷರ ಡಬ್ಲ್ಯು ಅಥವಾ ವೈ, ತಯಾರಾದ ವಾರ ಎರಡರದ್ದೂ ಹತ್ರ ಹತ್ರ.

— ಶನಿವಾರ ಗೆಳ್ಯಾರ ಜೋಡಿ ಕಾರವಾರಕ್ಕ ಹೋಗೂದು ಇತ್ರಿ. ಅಷ್ಟರಾಗ ಟೈರ್ ಬರೂದಿಲ್ಲ.

— ಈ ಟೈರ್ ಮ್ಯಾಲ ಅರಬೈಲ್ ಇಳೀಬ್ಯಾಡ. ಅಣ್ಣನ ಗಾಡಿ ಕೇಳು, ಇಲ್ಲಾ ಬಸ್ಸಿಗೆ ಹೋಗ್ರಿ. ಹೊಸ ಟೈರ್ ಬಂದ ಮ್ಯಾಲೂ ಮೊದಲ 300 ಕಿಲೋಮೀಟರ್ ಸಾವಕಾಶ ನಡಸು, ಅಚ್ಚಿನಿಂದ ಬಿಡಸಾಕ ಹಚ್ಚಿದ ಜಿಡ್ಡು ಮ್ಯಾಲ ಇರ್ತೈತಿ. ಅಂಗಡ್ಯಾಗ ಏರಸೂ ಮುಂದ ನನ್ನ ಕರಿ, ವಾರದ ಅಂಕಿ ನಾ ನೋಡ್ತೀನಿ. ಅಲೈನ್‌ಮೆಂಟ್ ಹಿಂದಿನ ಗಾಲೀದೂ ಮಾಡಸು, ಈ ಹಳೇ ಟೈರಿನ ಒಳ ಅಂಚು ಹೊರಗಿನದಕ್ಕಿಂತ ಹೆಚ್ಚು ಸವದೈತಿ, ಅದು ಯಾಕಂತ ನೋಡಲಾರದ ಹೊಸಾದು ಹಾಕಿದ್ರ ಅದೂ ಹಂಗ ಹೋಗ್ತೈತಿ.

— ಬೆಂಗಳೂರಿನ ಅಂಗಡಿಗೆ ಈಗ ಫೋನ್ ಹಚ್ಲೇನ್ರಿ?

— ಹಚ್ಚು. ಮುಂದಿನ ಸೈಜ್ ಐತೇನು ಅಂತ ಮೊದಲು ಕೇಳು.